ಗೌರವಸೇವೆಯ ಪರಂಪರೆ: ವಿಜಯಪುರ ಜಿಲ್ಲೆಯ ಸಾರ್ವಜನಿಕ ಸಂಸ್ಥೆಗಳ ನೇತಾರರು ಮತ್ತು ಸ್ವಯಂಸೇವಕರು

ಮುದ್ದೇಬಿಹಾಳ ತಾಲೂಕಿನ ತಂಗಡಗಿಯು ಕೃಷ್ಣಾ ನದಿಯ ದಡದಲ್ಲಿರುವ ಗ್ರಾಮ. ಕೂಡಲಸಂಗಮಕ್ಕೆ ಸಮೀಪದಲ್ಲಿರುವ ಈ ಊರು ಬಸವಣ್ಣನವರ ಪತ್ನಿ ನೀಲಮ್ಮನ ಐಕ್ಯಸ್ಥಳವೆಂದು ಪ್ರಸಿದ್ಧವಾಗಿದೆ. ಕಲ್ಯಾಣದಲ್ಲಿದ್ದ ನೀಲಮ್ಮನನ್ನು ಸಂಗಮಕ್ಕೆ ಕರೆತರಲು ಬಸವಣ್ಣನವರು ಹಡಪದ ಅಪ್ಪಣ್ಣನನ್ನು ಕಳುಹಿಸಿದರೆಂದೂ ದಾರಿಯಲ್ಲಿ ತಂಗಡಗಿಯವರೆಗೆ ಬಂದ ಆಕೆ ಅಲ್ಲಿಯೇ ಲಿಂಗೈಕ್ಯಳಾದಳೆಂದೂ ಜನಪರಂಪರೆ ಹೇಳುತ್ತದೆ. ಅಪ್ಪಣ್ಣನ ನೆನಪೂ ಈ ಊರಿನೊಂದಿಗೆ ಬೆಸೆದುಕೊಂಡಿದೆ. ಆತನ ಕಾಯಕ ವೀಳ್ಯದ ಚೀಲವಾದ ಹಡಪವನ್ನು ಹಿಡಿಯುವುದು. ಆ ಕಾಯಕವೇ ಆತನ ಹೆಸರಿನ ಭಾಗವಾಯಿತು. ಅರಸು ಮನೆತನಗಳ ಹೆಸರುಗಳು ಶಾಸನಗಳಲ್ಲಿ ಉಳಿದರೆ, ಹಡಪ ಹಿಡಿದವನ ಹೆಸರು ಎಂಟು ಶತಮಾನಗಳಿಗೂ ಮಿಗಿಲಾಗಿ ಜನರ ನಾಲಗೆಯ ಮೇಲೆ ಉಳಿದಿರುವುದು ಈ ಪ್ರದೇಶದ ಸಾಮಾಜಿಕ ಇತಿಹಾಸದಲ್ಲಿ ಗಮನಾರ್ಹ ಸಂಗತಿಯಾಗಿದೆ.

ಆಧುನಿಕ ಕಾಲದ ಸಂಘ-ಸಂಸ್ಥೆಗಳ ಇತಿಹಾಸದಲ್ಲಿ ಸ್ಥಿತಿ ಹೀಗಿಲ್ಲ. ಸಂಸ್ಥೆಯ ಚರಿತ್ರೆಯೆಂದರೆ ಸಾಮಾನ್ಯವಾಗಿ ಅಧ್ಯಕ್ಷರ ಹೆಸರುಗಳ ಪಟ್ಟಿ, ಕಟ್ಟಡಗಳ ಶಂಕುಸ್ಥಾಪನೆಯ ದಿನಾಂಕಗಳು ಮತ್ತು ದಾನಿಗಳ ಮೊತ್ತ ಎಂಬಂತಾಗಿದೆ. ಸಂಬಳವಿಲ್ಲದೆ ದುಡಿದವರು, ತಮ್ಮ ಜೀವನೋಪಾಯವನ್ನು ಬೇರೆಡೆ ಕಂಡುಕೊಂಡು ಸಂಜೆಯ ಹೊತ್ತನ್ನು ಸಂಸ್ಥೆಗೆ ಕೊಟ್ಟವರು, ಹಳ್ಳಿಗಳಲ್ಲಿ ವಂತಿಗೆ ಎತ್ತಿದವರು ಈ ಚರಿತ್ರೆಯ ಅಂಚಿನಲ್ಲಿ ನಿಲ್ಲುತ್ತಾರೆ. ಇಪ್ಪತ್ತನೆಯ ಶತಮಾನದಲ್ಲಿ ವಿಜಯಪುರ ಜಿಲ್ಲೆಯಲ್ಲಿ ಬೆಳೆದ ಸಾರ್ವಜನಿಕ ಸಂಸ್ಥೆಗಳನ್ನು, ವಿಶೇಷವಾಗಿ ಫ. ಗು. ಹಳಕಟ್ಟಿಯವರು ಕಟ್ಟಿದ ಸಂಸ್ಥೆಗಳನ್ನು, ನೇತೃತ್ವ ಮತ್ತು ಸೇವೆ ಎಂಬ ಎರಡು ನೆಲೆಗಳಿಂದ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ. ಒಬ್ಬರೇ ಸ್ಥಾಪಿಸಿದ ಹಲವು ಸಂಸ್ಥೆಗಳಲ್ಲಿ ಕೆಲವು ಅವರ ನಂತರವೂ ಬೆಳೆದು ಕೆಲವು ಅವರೊಂದಿಗೇ ಮುಗಿದುದು ಏಕೆ ಎಂಬ ಪ್ರಶ್ನೆ ಈ ಪರಿಶೀಲನೆಯ ಕೇಂದ್ರದಲ್ಲಿದೆ.

ಕಾಲ ಮತ್ತು ನೆಲ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಜಿಲ್ಲೆ ಮುಂಬಯಿ ಪ್ರಾಂತದ ಅತ್ಯಂತ ಸಂಕಷ್ಟದ ಪ್ರದೇಶಗಳಲ್ಲಿ ಒಂದಾಗಿತ್ತು. ಅಂದು ಕಲಾದಗಿ ಜಿಲ್ಲೆಯೆನಿಸಿಕೊಂಡಿದ್ದ ಈ ಭಾಗದಲ್ಲಿ 1876-78ರ ಕ್ಷಾಮವು ಅಪಾರ ಜೀವಹಾನಿಯನ್ನುಂಟುಮಾಡಿತು. 1872ರ ಜನಗಣತಿಯಲ್ಲಿ ಎಂಟು ಲಕ್ಷಕ್ಕೂ ಮಿಗಿಲಾಗಿದ್ದ ಜನಸಂಖ್ಯೆ 1881ರ ವೇಳೆಗೆ ಸುಮಾರು 6.38 ಲಕ್ಷಕ್ಕೆ ಇಳಿದಿತ್ತು. ಸತ್ತವರು ಎಷ್ಟೋ, ಊರು ಬಿಟ್ಟು ಹೋದವರು ಎಷ್ಟೋ. ಮುಂದೆ ಜಿಲ್ಲಾ ಕೇಂದ್ರ ವಿಜಾಪುರಕ್ಕೆ ಸ್ಥಳಾಂತರಗೊಂಡಿತು. ಶತಮಾನದ ಕೊನೆಯಲ್ಲಿ ಮತ್ತೆ ಬರ ಬಂತು. ಮಳೆಯನ್ನೇ ನಂಬಿದ ಬಿಳಿಜೋಳದ ನೆಲದಲ್ಲಿ ಸಾರ್ವಜನಿಕ ಸಂಸ್ಥೆಗೆ ಬೇಕಾದ ಬಂಡವಾಳ ಕೂಡಿಬರುವುದು ಸುಲಭವಾಗಿರಲಿಲ್ಲ.

ಇದೇ ಅವಧಿಯಲ್ಲಿ ಮುಂಬಯಿ ಕರ್ನಾಟಕದ ಇತರ ಭಾಗಗಳಲ್ಲಿ ಸಂಘಜೀವನವು ಹೊಸ ರೂಪವನ್ನು ಪಡೆಯತೊಡಗಿತ್ತು. 1883ರಲ್ಲಿ ಧಾರವಾಡದಲ್ಲಿ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು ಮೊದಲಾದವರ ಪ್ರಯತ್ನದಿಂದ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿತು. 1890ರ ಜುಲೈ 20ರಂದು ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ನೇತೃತ್ವದಲ್ಲಿ ಸಹಕಾರಿ ಪತ್ತಿನ ಸಂಘ ಕಾರ್ಯಾರಂಭ ಮಾಡಿತು. 1909ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದರು. ವಕೀಲರು, ಶಿಕ್ಷಕರು, ಗ್ರಾಮದ ಗೌಡರು, ಮಠಾಧೀಶರು ಎಂಬ ನಾಲ್ಕು ವರ್ಗಗಳವರು ಈ ಎಲ್ಲ ಪ್ರಯತ್ನಗಳಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಕೂಡಿಕೊಂಡಿದ್ದರು. ಇವರಲ್ಲಿ ಯಾರೂ ಸಂಸ್ಥೆಯ ಕೆಲಸವನ್ನು ವೃತ್ತಿಯಾಗಿ ಸ್ವೀಕರಿಸಿದವರಲ್ಲ. ಅಂದಿನ ದಾಖಲೆಗಳಲ್ಲಿ ಬರುವ ‘ಗೌರವ ಕಾರ್ಯದರ್ಶಿ’, ‘ಗೌರವ ಕೋಶಾಧ್ಯಕ್ಷ’ ಎಂಬ ಪದಗಳಲ್ಲಿನ ‘ಗೌರವ’ ಶಬ್ದದ ನಿಜಾರ್ಥ ಸಂಬಳವಿಲ್ಲದ ಹೊಣೆಗಾರಿಕೆ ಎಂಬುದೇ ಆಗಿತ್ತು.

ವಕೀಲ ಮತ್ತು ಸಂಘಟಕ

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರೂ ಲೇಖಕರೂ ಆಗಿದ್ದರು. ಮುಂಬಯಿಯಲ್ಲಿ ಪದವಿ ಮತ್ತು ಕಾನೂನು ಶಿಕ್ಷಣವನ್ನು ಮುಗಿಸಿದ ಹಳಕಟ್ಟಿಯವರು ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ನಡೆಸಿ, 1904ರಲ್ಲಿ ವಿಜಾಪುರಕ್ಕೆ ಬಂದು ನೆಲೆಸಿದರು. ಜಿಲ್ಲಾ ಕೇಂದ್ರದ ವಕೀಲನಿಗೆ ಹಳ್ಳಿಗಳ ರೈತರೊಂದಿಗೂ ಪಟ್ಟಣದ ವರ್ತಕರೊಂದಿಗೂ ಸರಕಾರದ ಅಧಿಕಾರಿಗಳೊಂದಿಗೂ ಸಂಪರ್ಕವಿರುತ್ತಿತ್ತು. ಕಾಗದಪತ್ರ, ನೋಂದಣಿ, ನಿಯಮಾವಳಿಗಳ ಜ್ಞಾನವೂ ಇರುತ್ತಿತ್ತು. ಸಾರ್ವಜನಿಕ ಸಂಸ್ಥೆಯನ್ನು ಕಟ್ಟುವವನಿಗೆ ಬೇಕಾದ ಸಾಮಗ್ರಿ ಇದೇ. ಅಂದಿನ ಕರ್ನಾಟಕದ ಅನೇಕ ಸಂಘಗಳ ಮೊದಲ ಕಾರ್ಯದರ್ಶಿಗಳು ವಕೀಲರೇ ಆಗಿದ್ದುದು ಆಕಸ್ಮಿಕವಲ್ಲ.

1910ರಲ್ಲಿ ಹಳಕಟ್ಟಿಯವರು ವಿಜಾಪುರ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಬಿ.ಎಲ್.ಡಿ.ಇ. ಎಂಬ ಅದರ ಸಂಕ್ಷಿಪ್ತ ನಾಮವೇ ಮುಂದೆ ಜನಬಳಕೆಯಲ್ಲಿ ಉಳಿಯಿತು. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಪ್ರಾರಂಭವಾಯಿತು. ಇವೆರಡೂ ಎರಡು ವರ್ಷಗಳ ಅಂತರದಲ್ಲಿ ಹುಟ್ಟಿದುದನ್ನು ಒಟ್ಟಿಗೆ ನೋಡಬೇಕಾಗುತ್ತದೆ. ಬರದ ವರ್ಷದಲ್ಲಿ ಸಾಲಕ್ಕಾಗಿ ಹೊಲವನ್ನು ಒತ್ತೆಯಿಟ್ಟ ರೈತನು ಮಗನನ್ನು ಶಾಲೆಗೆ ಕಳುಹಿಸಲಾರ. ಓದು ಬಾರದ ರೈತನಿಗೆ ಸಾಲದ ಪತ್ರದಲ್ಲಿ ಬರೆದಿರುವುದು ತಿಳಿಯದು. ಶಿಕ್ಷಣ ಮತ್ತು ಪತ್ತು ಒಂದೇ ಸಮಸ್ಯೆಯ ಎರಡು ಮುಖಗಳಾಗಿದ್ದವು. ಈ ಎರಡೂ ಸಂಸ್ಥೆಗಳು ಏಕವ್ಯಕ್ತಿಯ ಆಸ್ತಿಗಳಾಗಿರಲಿಲ್ಲ. ಒಂದಕ್ಕೆ ಸದಸ್ಯರು ಮತ್ತು ಕಾರ್ಯಕಾರಿ ಸಮಿತಿ, ಇನ್ನೊಂದಕ್ಕೆ ಸಹಕಾರಿ ಕಾಯಿದೆಯಂತೆ ಷೇರುದಾರರು ಮತ್ತು ಆಡಳಿತ ಮಂಡಳಿ. ಸ್ಥಾಪಕನು ಇಲ್ಲದ ದಿನವೂ ಸಭೆ ಸೇರಬೇಕು, ನಡವಳಿ ಬರೆಯಬೇಕು, ಲೆಕ್ಕ ಒಪ್ಪಿಸಬೇಕು ಎಂಬ ನಿಯಮ ಇವೆರಡರ ರಚನೆಯಲ್ಲಿಯೇ ಅಡಕವಾಗಿತ್ತು.

1920ರಲ್ಲಿ ಮುಂಬಯಿ ವಿಧಾನ ಪರಿಷತ್ತಿಗೆ ಹಳಕಟ್ಟಿಯವರು ಆಯ್ಕೆಯಾದರು. 1926ರಲ್ಲಿ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ಈ ಹೊರಗಿನ ಮನ್ನಣೆಗಳು ಜಿಲ್ಲೆಯ ಕೆಲಸಕ್ಕೆ ಬಲ ತಂದವು. ಆದರೆ ಅವರ ಬದುಕಿನ ಹೆಚ್ಚಿನ ಶ್ರಮವು ಇನ್ನೊಂದು ಕೆಲಸಕ್ಕೆ ಮೀಸಲಾಗಿತ್ತು.

ಏಕಾಂಗಿ ಸೇವೆಯ ಹಿರಿಮೆ ಮತ್ತು ಮಿತಿ

1903ರಲ್ಲಿ ರಬಕವಿಯಲ್ಲಿ ವಚನಗಳ ಹಸ್ತಪ್ರತಿಗಳನ್ನು ಕಂಡುದು ಹಳಕಟ್ಟಿಯವರ ಜೀವನದ ದಿಕ್ಕನ್ನು ಬದಲಿಸಿತು. ಅಂದಿನಿಂದ ಮಠಗಳಲ್ಲಿ, ಮನೆಗಳ ಜಂತಿಗಳ ನಡುವೆ ಕಟ್ಟಿಟ್ಟಿದ್ದ ಓಲೆಗರಿಗಳನ್ನೂ ಕೈಬರಹದ ಪ್ರತಿಗಳನ್ನೂ ಹುಡುಕುವುದು, ಪ್ರತಿಮಾಡುವುದು, ಪಾಠಗಳನ್ನು ಹೋಲಿಸುವುದು ಅವರ ನಿತ್ಯದ ಕೆಲಸವಾಯಿತು. ಸಿದ್ಧಪಡಿಸಿದ ‘ವಚನಶಾಸ್ತ್ರಸಾರ’ದ ಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿಸಿದಾಗ ಅದು ಅಚ್ಚಾಗದೆ ಹಿಂದಿರುಗಿತು. ಕೊನೆಗೆ 1923ರಲ್ಲಿ ಬೆಳಗಾವಿಯಲ್ಲಿ ಅದರ ಮೊದಲ ಭಾಗ ಮುದ್ರಣಗೊಂಡಿತು. ಪರರ ಮುದ್ರಣಾಲಯವನ್ನು ನಂಬಿ ಈ ಕೆಲಸ ಸಾಗದೆಂಬುದನ್ನು ಅರಿತ ಅವರು 1925ರಲ್ಲಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಇದಕ್ಕಾಗಿ ಅವರು ತಮ್ಮ ಮನೆಯನ್ನೇ ಮಾರಿದ ಸಂಗತಿ ಕನ್ನಡ ನಾಡಿನಲ್ಲಿ ಪ್ರಸಿದ್ಧವಾಗಿದೆ. 1926ರಲ್ಲಿ ‘ಶಿವಾನುಭವ’ ಪತ್ರಿಕೆಯೂ 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯೂ ಹೊರಬಂದವು.

ಅಂದಿಗೆ ಹೆಸರು ತಿಳಿದಿದ್ದ ವಚನಕಾರರ ಸಂಖ್ಯೆಯನ್ನು ಸುಮಾರು 250ಕ್ಕೆ ಏರಿಸಿದ ಕೀರ್ತಿ ಈ ದುಡಿಮೆಗೆ ಸಲ್ಲುತ್ತದೆ. ತಂಗಡಗಿಯ ದಡದಲ್ಲಿ ಗುಡಿಯಾಗಿ, ಕಥೆಯಾಗಿ ಮಾತ್ರ ಉಳಿದಿದ್ದ ಶರಣರ ಪರಂಪರೆ ಅಚ್ಚಿನ ಪುಟಗಳಲ್ಲಿ ಓದುಗರನ್ನು ತಲುಪಿದುದು ಇಂತಹ ಪ್ರಯತ್ನದಿಂದಲೇ. ಹಡಪ ಹಿಡಿದವನು, ಕಟ್ಟಿಗೆ ಮಾರಿದವನು, ದೋಣಿ ನಡೆಸಿದವನು, ಅಕ್ಕಿ ಆಯ್ದವಳು ಎಂದು ಕಾಯಕದಿಂದಲೇ ಗುರುತಿಸಲ್ಪಟ್ಟ ಜನರನ್ನು ಸಾಹಿತ್ಯಚರಿತ್ರೆಯೊಳಗೆ ತಂದವರು ಸ್ವತಃ ಕಾಯಕಜೀವಿಯಾಗಿದ್ದರು. ವಕೀಲಿಯಿಂದ ಬರುತ್ತಿದ್ದ ಆದಾಯ ಮುದ್ರಣಾಲಯಕ್ಕೆ ಹರಿಯಿತು. ಬರಹ, ಸಂಪಾದನೆ, ಕರಡು ತಿದ್ದುವಿಕೆ, ಚಂದಾದಾರರೊಂದಿಗಿನ ಪತ್ರವ್ಯವಹಾರ ಎಲ್ಲವೂ ಮುಖ್ಯವಾಗಿ ಒಬ್ಬರ ಹೆಗಲ ಮೇಲೆ ಬಿದ್ದವು.

ಇಲ್ಲಿಯೇ ಒಂದು ಮಹತ್ವದ ವ್ಯತ್ಯಾಸ ಗೋಚರಿಸುತ್ತದೆ. ಶಿಕ್ಷಣ ಸಂಸ್ಥೆಗೂ ಬ್ಯಾಂಕಿಗೂ ಇದ್ದ ಸಮಿತಿಯ ಆಸರೆ ಮುದ್ರಣಾಲಯಕ್ಕೂ ಪತ್ರಿಕೆಗೂ ಇರಲಿಲ್ಲ. ‘ಶಿವಾನುಭವ’ವು ಸುಮಾರು ಮೂರೂವರೆ ದಶಕಗಳ ಕಾಲ ನಡೆದುದು ಒಬ್ಬ ವ್ಯಕ್ತಿಯ ಛಲದ ಅಳತೆ. ಸಂಪಾದಕರ ಮುಪ್ಪಿನೊಂದಿಗೆ ಪತ್ರಿಕೆಯೂ ಮುಪ್ಪಾದುದು ಆ ಛಲದ ಮಿತಿ. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಿ.ಲಿಟ್. ಪದವಿಯನ್ನಿತ್ತು ಗೌರವಿಸಿತು. 1964ರ ಜೂನ್ 29ರಂದು ಅವರು ವಿಜಾಪುರದಲ್ಲಿ ನಿಧನರಾದರು. ಗೌರವಗಳು ಬಂದವು. ಹೆಗಲು ಬದಲಾಯಿಸುವ ಜನ ಬರಲಿಲ್ಲ.

ಹೋಲಿಕೆಗೆ ಮೂರು ಮಾದರಿಗಳು

ಈ ವ್ಯತ್ಯಾಸದ ಅರ್ಥವನ್ನು ಗ್ರಹಿಸಲು ಅದೇ ಕಾಲದ ಇತರ ಪ್ರಯತ್ನಗಳನ್ನು ಗಮನಿಸುವುದು ಅವಶ್ಯವಾಗಿದೆ. ಮೊದಲನೆಯದು ಬೆಳಗಾವಿಯ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ. 1916ರ ನವೆಂಬರ್ 13ರಂದು ಒಂದು ಶಾಲೆಯ ಮೂಲಕ ಪ್ರಾರಂಭವಾದ ಈ ಸಂಸ್ಥೆಯ ಸ್ಥಾಪಕರು ಏಳು ಜನ. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ, ಎಚ್. ಎಫ್. ಕಟ್ಟಿಮನಿ, ಬಿ. ಬಿ. ಮಮದಾಪುರ, ಬಿ. ಎಸ್. ಹಂಚಿನಾಳ, ಪಿ. ಆರ್. ಚಿಕ್ಕೋಡಿ, ವಿ. ವಿ. ಪಾಟೀಲ ಇವರನ್ನು ನಾಡು ಸಪ್ತರ್ಷಿಗಳೆಂದು ಕರೆಯಿತು. ಪುಣೆಯ ಡೆಕ್ಕನ್ ಶಿಕ್ಷಣ ಸಂಸ್ಥೆಯು ರೂಢಿಗೆ ತಂದಿದ್ದ ಆಜೀವ ಸದಸ್ಯತ್ವದ ಕಲ್ಪನೆ ಅವರ ಮುಂದಿತ್ತು. ಅಲ್ಪ ವೇತನಕ್ಕೆ ಇಪ್ಪತ್ತು ವರ್ಷ ದುಡಿಯುವೆನೆಂದು ಗೋಪಾಲಕೃಷ್ಣ ಗೋಖಲೆಯವರಂತಹವರು ಪ್ರತಿಜ್ಞೆ ಮಾಡಿದ ಸಂಸ್ಥೆ ಅದು. ಈ ಕ್ರಮದಲ್ಲಿ ತ್ಯಾಗವು ವ್ಯಕ್ತಿಯ ಮನೋಧರ್ಮವಾಗಿ ಉಳಿಯದೆ ಸಂಸ್ಥೆಯ ನಿಯಮವಾಯಿತು. ಒಬ್ಬನು ನಿವೃತ್ತನಾದರೆ ಮತ್ತೊಬ್ಬನು ಅದೇ ಪ್ರತಿಜ್ಞೆಯನ್ನು ಕೈಕೊಳ್ಳುತ್ತಿದ್ದನು.

ಎರಡನೆಯದು ಅಂದು ಬಸವನ ಬಾಗೇವಾಡಿ ತಾಲೂಕಿನಲ್ಲಿದ್ದ ಆಲಮಟ್ಟಿ. ಬನವಾಸಿಯಲ್ಲಿ 1886ರಲ್ಲಿ ಜನಿಸಿದ ಹರ್ಡೇಕರ ಮಂಜಪ್ಪನವರು ಶಿಕ್ಷಕ ವೃತ್ತಿಯನ್ನು ತ್ಯಜಿಸಿ ದಾವಣಗೆರೆಯಲ್ಲಿ ‘ಧನುರ್ಧಾರಿ’ ಪತ್ರಿಕೆಯನ್ನು ನಡೆಸಿದರು. 1913ರಲ್ಲಿ ಅಲ್ಲಿಯ ವಿರಕ್ತಮಠದಲ್ಲಿ ಮೃತ್ಯುಂಜಯ ಸ್ವಾಮಿಗಳೊಡನೆ ಬಸವಜಯಂತಿಯ ಸಾರ್ವಜನಿಕ ಆಚರಣೆಗೆ ನಾಂದಿ ಹಾಡಿದರು. 1927ರಲ್ಲಿ ಆಲಮಟ್ಟಿಗೆ ಬಂದು ವಿದ್ಯಾಲಯವನ್ನು ಸ್ಥಾಪಿಸಿ, 1947ರ ಜನವರಿಯಲ್ಲಿ ಕಣ್ಮುಚ್ಚುವವರೆಗೆ ಅಲ್ಲಿಯೇ ಬಾಳಿದರು. ಅವಿವಾಹಿತರಾಗಿದ್ದ ಮಂಜಪ್ಪನವರಿಗೆ ಮನೆ ಮತ್ತು ಸಂಸ್ಥೆ ಬೇರೆಯಾಗಿರಲಿಲ್ಲ. ಇದು ಆಶ್ರಮದ ಮಾದರಿ. ಇಲ್ಲಿ ನೇತಾರನ ನಡೆಯೇ ಪಠ್ಯ.

ಮೂರನೆಯದು ನಾ. ಸು. ಹರ್ಡೀಕರರು ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು 1923ರಲ್ಲಿ ಆರಂಭಿಸಿದ ಹಿಂದುಸ್ಥಾನಿ ಸೇವಾದಳ. 1924ರ ಡಿಸೆಂಬರ್‌ನಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ಈ ದಳದವರ ಸೇವೆ ದೇಶದ ಗಮನ ಸೆಳೆಯಿತು. ಉಮಾಬಾಯಿ ಕುಂದಾಪುರ ಅವರು ಮಹಿಳಾ ವಿಭಾಗವನ್ನು ಮುನ್ನಡೆಸಿದರು. ವಿಧವೆಯರೂ ಗೃಹಿಣಿಯರೂ ಸಾರ್ವಜನಿಕ ಕಾರ್ಯದಲ್ಲಿ ನಿಂತು ಕೆಲಸ ಮಾಡಿದ ಆ ದೃಶ್ಯ ಉತ್ತರ ಕರ್ನಾಟಕಕ್ಕೆ ಹೊಸದಾಗಿತ್ತು. ‘ಸ್ವಯಂಸೇವಕ’, ‘ಸ್ವಯಂಸೇವಿಕೆ’ ಎಂಬ ಪದಗಳು ಹಳ್ಳಿಗಳವರೆಗೆ ಹರಡಲು ಇಂತಹ ಸಂದರ್ಭಗಳು ಕಾರಣವಾದವು. ಅದಕ್ಕೂ ಮುನ್ನ ಜಾತ್ರೆ, ದಾಸೋಹ, ಪುರಾಣ ಪ್ರವಚನಗಳಲ್ಲಿ ನೀರು ಹೊತ್ತವರಿಗೆ, ರೊಟ್ಟಿ ಬಡಿದವರಿಗೆ, ಎಡೆ ಬಡಿಸಿದವರಿಗೆ ಪ್ರತ್ಯೇಕ ಹೆಸರಿನ ಅಗತ್ಯವಿರಲಿಲ್ಲ. ಊರಿನವರು ಎಂಬ ಒಂದು ಮಾತು ಸಾಕಾಗಿತ್ತು.

ಮಠ, ದಾನಿ ಮತ್ತು ಸಮಿತಿ

ಹಳಕಟ್ಟಿಯವರ ನಂತರ ಬಿ.ಎಲ್.ಡಿ.ಇ. ಸಂಸ್ಥೆಯನ್ನು ಪೋಷಿಸಿದವರು ಇಂಡಿ ತಾಲೂಕಿನ ಬಂಥನಾಳದ ಸಂಗನಬಸವ ಸ್ವಾಮಿಗಳು. ಇದರಿಂದ ಸಂಸ್ಥೆಯ ನೇತೃತ್ವದ ಸ್ವರೂಪದಲ್ಲಿ ಬದಲಾವಣೆಯಾಯಿತು. ವಕೀಲನ ಬಳಿ ನಿಯಮಜ್ಞಾನವಿತ್ತು, ಸ್ವಾಮಿಗಳ ಬಳಿ ಜೋಳಿಗೆಯಿತ್ತು. ಉತ್ತರ ಕರ್ನಾಟಕದ ಗ್ರಾಮೀಣ ಸಮಾಜದಲ್ಲಿ ಜೋಳಿಗೆಯೆಂಬುದು ನಂಬಿಕೆಯ ಸಂಕೇತ. ತನಗಾಗಿ ಏನನ್ನೂ ಇಟ್ಟುಕೊಳ್ಳದವನು ಬೇಡಿದಾಗ ಕೊಡುವವನಿಗೆ ಅನುಮಾನ ಉಳಿಯದು. ಸುಗ್ಗಿಯಲ್ಲಿ ಕಣದ ಮೇಲಿನ ಕಾಳು, ಸಂತೆಯ ದಿನದ ಕಾಸು, ಮಕ್ಕಳಿಲ್ಲದವರ ಹೊಲ ಇವೆಲ್ಲ ಶಾಲೆ ಮತ್ತು ಪ್ರಸಾದನಿಲಯಗಳಾಗಿ ಮಾರ್ಪಟ್ಟುದು ಈ ನಂಬಿಕೆಯ ಬಲದಿಂದ. ಸಮೀಪದ ಇಳಕಲ್ಲಿನಲ್ಲಿ ಮಹಾಂತ ಸ್ವಾಮಿಗಳು ಇದೇ ಜೋಳಿಗೆಯನ್ನು ಜನರ ದುಶ್ಚಟಗಳನ್ನು ಬೇಡುವ ‘ಮಹಾಂತ ಜೋಳಿಗೆ’ಯನ್ನಾಗಿ ಮಾಡಿದುದು ಈ ಸಂಕೇತದ ಶಕ್ತಿಗೆ ಮತ್ತೊಂದು ನಿದರ್ಶನವಾಗಿದೆ.

ಸಂಸ್ಥೆಯು 1945ರಲ್ಲಿ ಕಾಲೇಜು ಶಿಕ್ಷಣಕ್ಕೆ ಕಾಲಿಟ್ಟಿತು. ಅದಕ್ಕೂ ಮೊದಲು ಪದವಿಯ ಓದಿಗಾಗಿ ಜಿಲ್ಲೆಯ ವಿದ್ಯಾರ್ಥಿಗಳು ಧಾರವಾಡ, ಬೆಳಗಾವಿ, ಸೋಲಾಪುರಗಳತ್ತ ಮುಖ ಮಾಡಬೇಕಾಗಿತ್ತು. ಬಂಥನಾಳ ಸ್ವಾಮಿಗಳ ತರುವಾಯ ಬಿ. ಎಂ. ಪಾಟೀಲರು ಸಂಸ್ಥೆಯನ್ನು ಮುನ್ನಡೆಸಿದರು. 1980ರಲ್ಲಿ ಪ್ರಾರಂಭವಾದ ಇಂಜಿನಿಯರಿಂಗ್ ಕಾಲೇಜಿಗೆ ಹಳಕಟ್ಟಿಯವರ ಹೆಸರನ್ನಿಡಲಾಯಿತು. 1986ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಗಿ ಮುಂದೆ ಬಿ. ಎಂ. ಪಾಟೀಲರ ಹೆಸರನ್ನು ಪಡೆಯಿತು. ಸೋಲಾಪುರ ರಸ್ತೆಯಲ್ಲಿರುವ ಅದರ ಆವರಣ ಬಂಗಾರಮ್ಮ ಸಜ್ಜನ ಅವರ ಹೆಸರನ್ನು ಹೊತ್ತಿದೆ. 2008ರಲ್ಲಿ ಸಂಸ್ಥೆಯು ಪರಿಭಾವಿತ ವಿಶ್ವವಿದ್ಯಾಲಯದ ಹಂತವನ್ನು ತಲುಪಿತು. ವಕೀಲ, ಮಠಾಧೀಶ, ರಾಜಕಾರಣಿ ಎಂಬ ಮೂರು ಬಗೆಯ ನೇತಾರರು ಒಂದೇ ಸಂಸ್ಥೆಯಲ್ಲಿ ಅನುಕ್ರಮವಾಗಿ ಬಂದುದು ಕರ್ನಾಟಕದ ಖಾಸಗಿ ಶಿಕ್ಷಣ ಸಂಸ್ಥೆಗಳ ಸಾಮಾನ್ಯ ಇತಿಹಾಸವನ್ನೇ ಸಂಕ್ಷೇಪವಾಗಿ ಪ್ರತಿಬಿಂಬಿಸುತ್ತದೆ.

ಈ ಬೆಳವಣಿಗೆಗೆ ಎರಡು ಮುಖಗಳಿವೆ. ಒಂದು ಸಮುದಾಯದ ಹೆಸರಿನಲ್ಲಿ ಹುಟ್ಟಿದುದರಿಂದ ಸಂಸ್ಥೆಗೆ ಮೊದಲ ದಿನದಿಂದಲೇ ದಾನಿಗಳೂ ದುಡಿಯುವವರೂ ದೊರೆತರು. ಅದೇ ಕಾರಣದಿಂದ ನೇತೃತ್ವದ ವಲಯವು ಆ ಸಮುದಾಯದ ಅನುಕೂಲಸ್ಥರಿಗೆ ಸೀಮಿತವಾಗುವ ಸಾಧ್ಯತೆಯೂ ಇತ್ತು. ಬಿ.ಎಲ್.ಡಿ.ಇ. ಹೆಸರಿನಲ್ಲಿನ ‘ಲಿಂಗಾಯತ’ ಎಂಬ ಪದದ ಸ್ಥಾನದಲ್ಲಿ ಮುಂದೆ ‘ಲಿಬರಲ್’ ಎಂಬ ಪದ ಬಂದುದು ಈ ದೃಷ್ಟಿಯಿಂದ ಅಭ್ಯಾಸಯೋಗ್ಯವಾಗಿದೆ. ಹಾಗೆಯೇ ಸಂಸ್ಥೆ ದೊಡ್ಡದಾದಂತೆ ವೇತನ ಪಡೆಯುವ ಆಡಳಿತಗಾರರು ಬರುತ್ತಾರೆ, ಶುಲ್ಕವು ವಂತಿಗೆಯ ಸ್ಥಾನವನ್ನು ಆಕ್ರಮಿಸುತ್ತದೆ, ಗೌರವಸೇವೆಯು ಸ್ಥಾಪನಾದಿನದ ಭಾಷಣಗಳಿಗೆ ಸೀಮಿತವಾಗುತ್ತದೆ. ಇದು ಒಂದು ಸಂಸ್ಥೆಯ ಲೋಪವಲ್ಲ, ಬೆಳೆದ ಎಲ್ಲ ಸಂಸ್ಥೆಗಳೂ ಎದುರಿಸುವ ಪರೀಕ್ಷೆ.

ಸಂಸ್ಥೆ ಹಿಂದಿರುಗಿಸಿದ ಋಣ

ಈ ಪರೀಕ್ಷೆಗೆ ಒಂದು ಉತ್ತರವೂ ಇದೇ ಇತಿಹಾಸದಲ್ಲಿದೆ. ಏಕಾಂಗಿಯಾಗಿ ನಡೆದ ವಚನ ಪ್ರಕಟನೆಯ ಕೆಲಸ ಸ್ಥಾಪಕರೊಂದಿಗೆ ನಿಂತಿತ್ತು. ಅದನ್ನು ಮತ್ತೆ ಎತ್ತಿಕೊಂಡುದು ಅವರೇ ಹುಟ್ಟುಹಾಕಿದ ಶಿಕ್ಷಣ ಸಂಸ್ಥೆ. ಸಂಸ್ಥೆಯ ಆಶ್ರಯದಲ್ಲಿ ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರ ಸ್ಥಾಪನೆಯಾಗಿ, ಎಂ. ಎಂ. ಕಲಬುರ್ಗಿಯವರಂತಹ ವಿದ್ವಾಂಸರ ಮಾರ್ಗದರ್ಶನದಲ್ಲಿ ಅವರ ಸಮಗ್ರ ಸಾಹಿತ್ಯ 15 ಸಂಪುಟಗಳಲ್ಲಿ ಹೊರಬಂದಿತು. ಹಳೆಯ ಸಂಚಿಕೆಗಳಲ್ಲಿ ಚದುರಿಹೋಗಿದ್ದ ಬರಹಗಳು ಗ್ರಂಥಾಲಯಗಳ ಕಪಾಟು ಸೇರಿದವು. ಅವರ ಜನ್ಮದಿನವಾದ ಜುಲೈ 2 ವಚನ ಸಾಹಿತ್ಯ ಸಂರಕ್ಷಣಾ ದಿನವಾಗಿ ಆಚರಣೆಗೆ ಬಂದಿದೆ. ವ್ಯಕ್ತಿಯು ಸಮಿತಿಗೆ ಕೊಟ್ಟುದು ಬೆಳೆಯಿತು. ತನ್ನಲ್ಲಿಯೇ ಇಟ್ಟುಕೊಂಡುದನ್ನು ಆ ಸಮಿತಿಯೇ ಉಳಿಸಿತು. ಹಳಕಟ್ಟಿಯವರ ಮನೆ ಮಾರಾಟದ ಕಥೆಯನ್ನು ತ್ಯಾಗದ ಕಥೆಯಾಗಿ ಮಾತ್ರ ಹೇಳಿದರೆ ಈ ಎರಡನೆಯ ಸತ್ಯ ಮರೆಯಾಗುತ್ತದೆ. 1910ರಲ್ಲಿ ಸದಸ್ಯರನ್ನು ಕೂಡಿಸಿ ನಿಯಮಾವಳಿ ಬರೆದುದು ಮನೆ ಮಾರಿದುದಕ್ಕಿಂತ ಕಡಿಮೆ ಮಹತ್ವದ್ದಲ್ಲ.

ಅಧ್ಯಯನದ ಮುಂದಿನ ದಾರಿ

ನೇತಾರರ ಚರಿತ್ರೆಗೆ ಅಭಿನಂದನ ಗ್ರಂಥಗಳಿವೆ. ಸೇವಾಕರ್ತರ ಚರಿತ್ರೆಗೆ ಆಕರಗಳು ಬೇರೆ. ಸಂಘಗಳ ನಡವಳಿ ಪುಸ್ತಕಗಳು, ವಂತಿಗೆಯ ಪಾವತಿಗಳು, ಪ್ರಸಾದನಿಲಯಗಳ ದವಸದ ಲೆಕ್ಕ, ಸಹಕಾರಿ ಸಂಘಗಳ ಷೇರು ವಹಿಗಳು, ಪತ್ರಿಕೆಗಳ ಚಂದಾದಾರರ ಪಟ್ಟಿಗಳು ಇವುಗಳಲ್ಲಿ ಮುಖ್ಯವಾದವು. ಯಾವ ಹಳ್ಳಿಯಿಂದ ಎಷ್ಟು ಕಾಳು ಬಂತು, ಅದನ್ನು ಯಾರು ಅಳೆದು ತಂದರು, ಬರದ ವರ್ಷದಲ್ಲಿ ಯಾರು ತಪ್ಪದೆ ಕೊಟ್ಟರು ಎಂಬುದನ್ನು ಇಂತಹ ಕಾಗದಗಳು ಹೇಳಬಲ್ಲವು. ಕೃಷ್ಣಾ ದಂಡೆಯಲ್ಲಿ ಈ ಕೆಲಸಕ್ಕೆ ವಿಶೇಷ ತುರ್ತಿದೆ. ಆಲಮಟ್ಟಿ ಮತ್ತು ನಾರಾಯಣಪುರ ಜಲಾಶಯಗಳ ಹಿನ್ನೀರಿನಿಂದ ಅನೇಕ ಊರುಗಳು ಮೂಲ ನೆಲೆಯನ್ನು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಸಾಗಿದವು. ಊರು ಎತ್ತಿಡುವಾಗ ಜನ ದೇವರ ಮೂರ್ತಿಗಳನ್ನೂ ಮನೆಯ ತೊಲೆ ಬಾಗಿಲುಗಳನ್ನೂ ಹೊತ್ತು ತರುತ್ತಾರೆ. ಹಳೆಯ ವಹಿಗಳನ್ನು ಹೊತ್ತು ತರುವವರು ವಿರಳ. ಅಳಿದುಳಿದ ಕಾಗದಗಳನ್ನು ಜಿಲ್ಲೆಯ ಗ್ರಂಥಾಲಯಗಳೂ ಸಂಶೋಧನ ಕೇಂದ್ರಗಳೂ ಸಂಗ್ರಹಿಸಿ, ಹಿರಿಯರ ನೆನಪುಗಳನ್ನು ದಾಖಲಿಸಬೇಕಾದ ಅಗತ್ಯವಿದೆ.

ಒಟ್ಟಿನಲ್ಲಿ, ವಿಜಯಪುರ ಜಿಲ್ಲೆಯ ಸಾರ್ವಜನಿಕ ಸಂಸ್ಥೆಗಳು ಸಂಪತ್ತಿನಿಂದ ಹುಟ್ಟಿದವುಗಳಲ್ಲ. ಬರದ ನೆಲದಲ್ಲಿ ಸಮಯ, ನಂಬಿಕೆ ಮತ್ತು ನಿಯಮ ಎಂಬ ಮೂರು ಬಂಡವಾಳಗಳಿಂದ ಅವು ರೂಪುಗೊಂಡವು. ಸಮಯವನ್ನು ಗೌರವಸೇವಕರೂ ನಂಬಿಕೆಯನ್ನು ಮಠಗಳೂ ನಿಯಮವನ್ನು ಸಮಿತಿಗಳೂ ಒದಗಿಸಿದವು. ಈ ಮೂರೂ ಕೂಡಿದಲ್ಲಿ ಸಂಸ್ಥೆ ಸ್ಥಾಪಕನ ಆಯುಷ್ಯವನ್ನು ದಾಟಿತು, ಒಂದು ಕಡಿಮೆಯಾದಲ್ಲಿ ಅದು ಸ್ಥಾಪಕನ ದೇಹದೊಂದಿಗೆ ದಣಿಯಿತು. ಹಡಪ ಹಿಡಿದವನ ಹೆಸರನ್ನು ಮರೆಯದ ನೆಲದಲ್ಲಿ ಪಾವತಿ ಪುಸ್ತಕ ಹಿಡಿದು ಹಳ್ಳಿ ತಿರುಗಿದವರ ಹೆಸರುಗಳೂ ಇತಿಹಾಸದ ಪುಟಗಳಲ್ಲಿ ಸ್ಥಾನ ಪಡೆಯಬೇಕಾಗಿದೆ.